36 ದಿನ ಯಾಕೆ ಅಂದ್ರೆ
ಸುಪ್ರೀಂ ಕೋರ್ಟ್ ಜಡ್ಜ್ ಬಿ.ವಿ. ನಾಗರತ್ನ ಮೇಡಂ ಮುಂದೆ ಸಿಜೆಐ (ಭಾರತದ ಮುಖ್ಯ ನ್ಯಾಯಮೂರ್ತಿ) ಆದ್ರೂ ಬರೀ 36 ದಿನಾನೇ ಯಾಕೆ, ಹೆಂಗಸರಿಗೆ ಬೇರೆ ರೂಲ್ ಇದ್ಯಾ ಅಂತ ಕೇಳಿದ್ರಲ್ಲ, ರೂಲ್ ಎಲ್ರಿಗೂ ಒಂದೇ ರೀ. ಸುಪ್ರೀಂ ಕೋರ್ಟಿಗೆ ಬಂದ ದಿನದಿಂದ ಸೀನಿಯಾರಿಟಿ, 65ಕ್ಕೆ ರಿಟೈರ್. ಅವ್ರು ಅಲ್ಲಿಗೆ ಹೋಗಿದ್ದೇ 2021 ಆಗಸ್ಟಲ್ಲಿ, ಸೀನಿಯಾರಿಟಿ ಪ್ರಕಾರ 2027 ಸೆಪ್ಟೆಂಬರಲ್ಲಿ ಸರದಿ ಬರೋದು, ಅಕ್ಟೋಬರಲ್ಲಿ 65 ತುಂಬುತ್ತೆ. ಹೆಣ್ಮಕ್ಳಿಗೆ ತಡ ಆಗೋದು ಅದಕ್ಕೂ ಮುಂಚೆನೇ. ಕೆಳಗಿನ ಕೋರ್ಟಿಗೆ ಪರೀಕ್ಷೆ ಇದೆ, ಹೆಣ್ಮಕ್ಳು ಬರೆದು ಪಾಸಾಗಿ ಬರ್ತಾರೆ, ಆದ್ರೆ ಹೈಕೋರ್ಟಿಗೆ ವಕೀಲರ ಹೆಸರನ್ನ ಕೊಲಿಜಿಯಂ, ಅಂದ್ರೆ ಹಿರಿಯ ಜಡ್ಜ್‌ಗಳ ಗುಂಪು, ಕಳಿಸ್ಬೇಕು. ನನ್ ಜೊತೆ ಸನ್ನದು ತಗೊಂಡ ಗೆಳತಿ ಕೇಸ್ ಫೈಲ್ ಮಡಿಲಲ್ಲಿಟ್ಕೊಂಡೇ ಮಗು ಮಲಗಿಸ್ತಿದ್ಳು, ಎರಡನೇದಾದ್ಮೇಲೆ ಕೋಟು ಬೀರು ಸೇರ್ತು. ಅಂಥವ್ರ ಹೆಸರು ಯಾರು ಕಳಿಸ್ತಾರೆ ಹೇಳಿ? ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ಜಡ್ಜ್ ಮಂಜುಳಾ ಚೆಲ್ಲೂರ್ ಬಂದಿದ್ದೇ 2000ದಲ್ಲಿ!