ಪ್ರತಿಕ್ರಿಯೆ: ಬೆಣಚುಕಲ್ಲಿನ ಪಟ್ಟೆಯಲ್ಲಿರುವ ಹಳದಿ ಹೊಳಪು ಚಿನ್ನವೇ?

ಬೆಟ್ಟದ ಬಂಡೆಯ ಬಿರುಕಿನಲ್ಲಿ ಬೆಣಚುಕಲ್ಲಿನ ಪಟ್ಟೆ, ಅಂಚಿನಲ್ಲಿ ತುಕ್ಕಿನ ಬಣ್ಣ, ಅಲ್ಲಲ್ಲಿ ಚೌಕಾಕಾರದ ಗುಳಿಗಳು, ಒಡೆದರೆ ಹಳದಿ ಹೊಳಪು: ನೀವು ಹೇಳಿದ ಈ ಲಕ್ಷಣಗಳನ್ನು ನೋಡಿದರೆ ಅದು ಬಹುತೇಕ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಅದರ ಘನಾಕೃತಿಯ ಹರಳುಗಳು ಗಾಳಿ, ಮಳೆನೀರಿಗೆ ಸಿಕ್ಕಿ ಕೊಳೆತು ಹೋದ ಜಾಗವೇ ಆ ಗುಳಿಗಳು. ತುಕ್ಕು ಉಳಿದ ಕಬ್ಬಿಣದ್ದು.

ಮೊದಲು ಹೊಸದಾಗಿ ಒಡೆದ ಮುಖವನ್ನು ನೆರಳಿನಲ್ಲಿ ತಿರುಗಿಸಿ ನೋಡಿ. ಚಿನ್ನದ ಬಣ್ಣ ಎಲ್ಲ ಕೋನದಿಂದಲೂ ಒಂದೇ. ಪೈರೈಟ್ ಮಿಂಚಿ ಮಂಕಾಗುತ್ತದೆ. ಆಮೇಲೆ ಗಟ್ಟಿ ಸೂಜಿಯಿಂದ ಒಂದು ಕಣವನ್ನು ಒತ್ತಿ. ಚಿನ್ನ ಮೆತ್ತಗೆ ತಗ್ಗುತ್ತದೆ, ಪೈರೈಟ್ ಪುಡಿಯಾಗುತ್ತದೆ, ಅಭ್ರಕವಾದರೆ ಪದರ ಏಳುತ್ತದೆ. ಇನ್ನೂ ಅನುಮಾನವಿದ್ದರೆ ಪಿಂಗಾಣಿ ಟೈಲ್‌ನ ಮೆರುಗಿಲ್ಲದ ಬೆನ್ನಿಗೆ ಉಜ್ಜಿ. ಹಸಿರು ಮಿಶ್ರಿತ ಕಪ್ಪು ಗೆರೆ ಬಂದರೆ ಅದು ಚಿನ್ನವಲ್ಲ, ಚಿನ್ನದ ಗೆರೆ ಹಳದಿಯೇ. ಆದರೆ ತಾಮ್ರದ ಅದಿರಾದ ಚಾಲ್ಕೊಪೈರೈಟ್ ಕೂಡ ಕಪ್ಪು ಗೆರೆಯನ್ನೇ ಬಿಡುತ್ತದೆ. ಅದನ್ನು ಚಾಕುವಿನಿಂದ ಗೀರಬಹುದು, ಪೈರೈಟನ್ನು ಆಗದು.

ಪೈರೈಟ್ ಎಂದು ಖಚಿತವಾದರೂ ಚಿನ್ನವೇ ಇಲ್ಲ ಎನ್ನಲು ಬರುವುದಿಲ್ಲ. ಭೂಮಿಯಾಳದ ಬಿಸಿ ದ್ರಾವಣ ಬಿರುಕಿನಲ್ಲಿ ಸಾಗುವಾಗ ಎರಡನ್ನೂ ಒಟ್ಟಿಗೆ ಇಳಿಸಬಲ್ಲದು. ಕಣ್ಣಿಗೆ ಕಾಣದ ಚಿನ್ನ ಪೈರೈಟಿನೊಳಗೇ ಅಡಗಿರಬಹುದು. ಅದನ್ನು ಫೈರ್ ಅಸೇಯಂಥ (ಮಾದರಿಯನ್ನು ಕರಗಿಸಿ ಚಿನ್ನವನ್ನು ಬೇರ್ಪಡಿಸಿ ಅಳೆಯುವ ವಿಧಾನ) ಪ್ರಯೋಗಾಲಯದ ಪರೀಕ್ಷೆ ಮಾತ್ರ ಹೇಳಬಲ್ಲದು. ಹೊಳೆಯುವ ತುಂಡುಗಳನ್ನಷ್ಟೇ ಆರಿಸಬೇಡಿ: ಪಟ್ಟೆಯ ಅಡ್ಡಗಲಕ್ಕೂ, ತುಕ್ಕಿನ ಭಾಗದಿಂದಲೂ, ಪಕ್ಕದ ಬಂಡೆಯಿಂದಲೂ ಪ್ರತ್ಯೇಕ ಮಾದರಿಗಳನ್ನು ತೆಗೆದು ಗುರುತು ಬರೆದು ಕಳುಹಿಸಿ. ಮನೆಯಲ್ಲಿ ಮಾತ್ರ ದಯವಿಟ್ಟು ಕಾಯಿಸಬೇಡಿ. ಗಂಧಕದ ವಿಷಾನಿಲ ಬರುತ್ತದೆ, ಆರ್ಸೆನಿಕ್ ಇದ್ದರೆ ಇನ್ನೂ ಅಪಾಯ.