ಬಿಟಿ, ಸಿಟಿ ಸರಿಯಿದ್ದರೆ ಸಾಕೇ?

ಪ್ರಶ್ನೆ: ನನ್ನ ಹದಿನೈದು ವರ್ಷದ ಮಗಳಿಗೆ ಮುಂದಿನ ತಿಂಗಳು ಟಾನ್ಸಿಲ್ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಬಿಟಿ (ರಕ್ತ ನಿಲ್ಲುವ ಸಮಯ), ಸಿಟಿ (ರಕ್ತ ಹೆಪ್ಪುಗಟ್ಟುವ ಸಮಯ) ಎರಡೂ ಸರಿಯಾಗಿವೆಯೆಂದು ವರದಿ ಬಂದಿದ್ದರೂ ಅರಿವಳಿಕೆ ವೈದ್ಯರು ಅವಳ ಮುಟ್ಟಿನ ಬಗ್ಗೆ ವಿಚಾರಿಸಿ, ರಕ್ತರೋಗ ತಜ್ಞರನ್ನು ಕಂಡು ಬನ್ನಿ ಎಂದಿದ್ದಾರೆ. ಮೈನೆರೆದಾಗಿನಿಂದಲೂ ಅವಳಿಗೆ ಎಂಟೊಂಬತ್ತು ದಿನ ಸ್ರಾವವಿರುತ್ತದೆ. ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬರುವುದೂ ಉಂಟು, ಉಷ್ಣವೆಂದು ಸುಮ್ಮನಿದ್ದೆವು. ನಮ್ಮ ಮನೆಯ ಹೆಂಗಸರಿಗೆಲ್ಲ ಹೀಗೆಯೇ. ನನಗೂ ಎರಡನೆಯ ಹೆರಿಗೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಇಷ್ಟಕ್ಕೆ ಮತ್ತೆ ಪರೀಕ್ಷೆಗಳು ಬೇಕೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಬೇಕು. ನೀವು ಲ್ಯಾಬ್ ವರದಿಯನ್ನು ಮೊದಲು, ನಿಮ್ಮ ಹೆರಿಗೆಯ ಸಂಗತಿಯನ್ನು ಕೊನೆಗೆ ಬರೆದಿದ್ದೀರಿ. ನಾವು ವೈದ್ಯರು ಇದನ್ನು ಓದಬೇಕಾದ ಕ್ರಮ ಇದಕ್ಕೆ ತಿರುಗುಮುರುಗು.

ಬಿಟಿ ಎಂದರೆ ಕಿವಿಯ ಹಾಲೆಗೆ ಸೂಜಿ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಒತ್ತುಕಾಗದ ತಾಗಿಸುತ್ತ, ರಕ್ತದ ಕಲೆ ಮೂಡುವುದು ಯಾವಾಗ ನಿಲ್ಲುತ್ತದೆಂದು ನೋಡುವ ಪರೀಕ್ಷೆ. ಸಿಟಿಯಲ್ಲಿ ಸೂಕ್ಷ್ಮವಾದ ಗಾಜಿನ ನಳಿಕೆಗೆ ರಕ್ತ ತುಂಬಿ, ಅದನ್ನು ತುಣುಕು ತುಣುಕಾಗಿ ಮುರಿಯುತ್ತ, ತುಣುಕುಗಳ ನಡುವೆ ಹೆಪ್ಪಿನ ಎಳೆ ಕಾಣುವವರೆಗೆ ಕಾಯುತ್ತಾರೆ. ಮೊದಲನೆಯದು ಚುಚ್ಚಿದ ಆಳಕ್ಕೆ ಮತ್ತು ಚುಚ್ಚಿದ ಕೈಗೆ ತಕ್ಕಂತೆ ಬದಲಾಗುತ್ತದೆ. ಎರಡನೆಯದು ಫ್ಯಾಕ್ಟರ್‌ಗಳು, ಅಂದರೆ ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳು, ತೀರಾ ಕೆಳಕ್ಕಿಳಿದಾಗ ಮಾತ್ರ ಏರುತ್ತದೆ. ಆದ್ದರಿಂದ ಸೌಮ್ಯ ಸ್ವರೂಪದ ಹಿಮೋಫಿಲಿಯಾ, ಅಂದರೆ ಕುಸುಮ ರೋಗ ಇದ್ದವರೂ ಇದರಲ್ಲಿ ಸಲೀಸಾಗಿ ಪಾಸಾಗುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಎಲ್ಲರಿಗೂ ಬಿಟಿ ಮಾಡಿಸುವ ರೂಢಿಯನ್ನು ಹಲವು ದೇಶಗಳು ಕೈಬಿಟ್ಟಿದ್ದರೂ, ನಮ್ಮಲ್ಲಿ ಅನೇಕ ಕಡೆ ಅದು ಚೀಟಿಯ ಮೇಲೆ ಅಚ್ಚಾಗಿಯೇ ಬರುತ್ತದೆ.

ವಂಶವಾಹಿ ರಕ್ತಸ್ರಾವ ದೋಷಗಳ ತಪಾಸಣೆಯಲ್ಲಿ ಮೊದಲ ಪರೀಕ್ಷೆ ಪ್ರಶ್ನೆ ಕೇಳುವುದು. ಇದಕ್ಕೆಂದೇ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಅಂಕಪಟ್ಟಿಯಿದೆ: ಮೂಗು, ವಸಡು, ಮುಟ್ಟು, ಹೆರಿಗೆ, ಹಲ್ಲು ಕೀಳಿಸಿದ್ದು, ಹಿಂದಿನ ಶಸ್ತ್ರಚಿಕಿತ್ಸೆ ಹೀಗೆ ಒಂದೊಂದಕ್ಕೂ ಅಂಕ ಹಾಕಿ, ಮೊತ್ತ ವಯಸ್ಕ ಹೆಂಗಸರಲ್ಲಿ 6, ಗಂಡಸರಲ್ಲಿ 4, ಮಕ್ಕಳಲ್ಲಿ 3 ಮುಟ್ಟಿದರೆ ಮುಂದಿನ ಶೋಧನೆ ಅಗತ್ಯವೆನ್ನುತ್ತಾರೆ. ಆದರೆ ಕೇಳುವ ಬಗೆಯೂ ಮುಖ್ಯ. ‘ಸ್ರಾವ ಜಾಸ್ತಿಯೇ?’ ಎಂದರೆ ಅಮ್ಮ, ಅಜ್ಜಿ, ಚಿಕ್ಕಮ್ಮ ಎಲ್ಲರಿಗೂ ಜಾಸ್ತಿಯಿರುವ ಮನೆಯ ಹುಡುಗಿ ‘ಇಲ್ಲ, ಎಲ್ಲರಂತೆಯೇ’ ಎಂದುಬಿಡುತ್ತಾಳೆ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕೇ, ರಾತ್ರಿ ಅದಕ್ಕಾಗಿ ಏಳಬೇಕೇ, ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು ಹೋಗುತ್ತವೆಯೇ, ಶಾಲೆ ತಪ್ಪುತ್ತದೆಯೇ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಕಿವಿ ಚುಚ್ಚಿಸಿದ ದಿನ, ಹಾಲುಹಲ್ಲು ಬಿದ್ದ ದಿನ ಏನಾಯಿತೆಂಬುದನ್ನೂ ನೆನಪು ಮಾಡಿಕೊಂಡು ಹೋಗಿ. ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ಅದನ್ನು ಉಷ್ಣದ ಲೆಕ್ಕಕ್ಕೆ ಬರೆಯಬಾರದು.

ತಾಯಿಗೂ ಮಗಳಿಗೂ ಹೀಗಿರುವಾಗ ನನಗೆ ಮೊದಲು ಹೊಳೆಯುವುದು ಫಾನ್ ವಿಲ್ಲೆಬ್ರಾಂಡ್ ಕಾಯಿಲೆ, ಅಂದರೆ ರಕ್ತ ನಿಲ್ಲಲು ಬೇಕಾದ ಅದೇ ಹೆಸರಿನ ಪ್ರೋಟೀನಿನ ಕೊರತೆ ಅಥವಾ ದೋಷ. ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ 1926ರಲ್ಲಿ ಇದನ್ನು ಮೊದಲು ವಿವರಿಸಿದ್ದು ಆಲಂಡ್ ದ್ವೀಪಗಳ ಒಂದು ಕುಟುಂಬವನ್ನು ನೋಡಿ. ಐದು ವರ್ಷದವಳಿದ್ದಾಗ ಅವರ ಬಳಿ ಬಂದಿದ್ದ ಆ ಮನೆಯ ಹುಡುಗಿ ಮುಂದೆ ಮೈನೆರೆದು ತನ್ನ ನಾಲ್ಕನೆಯ ಮುಟ್ಟಿನಲ್ಲೇ ತೀರಿಕೊಂಡಳು. ಹಿಮೋಫಿಲಿಯಾ ಹೆಚ್ಚಾಗಿ ಗಂಡುಮಕ್ಕಳನ್ನು ಬಾಧಿಸಿದರೆ, ಇದು ಗಂಡು ಹೆಣ್ಣೆನ್ನದೆ ಬರುತ್ತದೆ.

ತಜ್ಞರು ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಲ್ಯಾಬಿನಲ್ಲಿ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳು ಮತ್ತು ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಬರೆಯುತ್ತಾರೆ. ಈ ಕಾಯಿಲೆಯಿದ್ದೂ ಎಪಿಟಿಟಿ ಸರಿಯಿರಬಹುದಾದ್ದರಿಂದ ವಿಲ್ಲೆಬ್ರಾಂಡ್ ಅಂಶದ ಪ್ರಮಾಣ, ಅದರ ಕಾರ್ಯಶಕ್ತಿ ಮತ್ತು ಫ್ಯಾಕ್ಟರ್ 8 ಮೂರನ್ನೂ ಅಳೆಯಲೇಬೇಕು. ಜ್ವರ, ಭಯ, ಬಸಿರು, ಹಾರ್ಮೋನು ಮಾತ್ರೆ ಇವು ಆ ಅಂಶವನ್ನು ತಾತ್ಕಾಲಿಕವಾಗಿ ಏರಿಸುತ್ತವೆ. ‘ಒ’ ಗುಂಪಿನವರಲ್ಲಿ ಅದು ಸಹಜವಾಗಿಯೇ ಕಡಿಮೆ. ಹಾಗಾಗಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ ಎಂದರೆ ಬೇಸರಪಡಬೇಡಿ. ರಕ್ತವನ್ನು ಮನೆಗೆ ಬಂದು ತೆಗೆದುಕೊಂಡು ಹೋಗುವವರಿಗೆ ಕೊಡುವ ಬದಲು ಪರೀಕ್ಷೆ ನಡೆಯುವ ಲ್ಯಾಬಿಗೇ ಹೋಗಿ ಕೊಡಿ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ನಳಿಕೆ ಗುರುತಿನವರೆಗೆ ತುಂಬಿರಬೇಕು, ರಕ್ತ ತೆಗೆದ ನಾಲ್ಕು ತಾಸಿನೊಳಗೆ ಪರೀಕ್ಷೆ ಮುಗಿಯಬೇಕು, ಮಂಜುಗಡ್ಡೆಯ ಮೇಲಿಟ್ಟರೆ ಅಳೆಯಬೇಕಾದ ಅಂಶವೇ ಕುಸಿಯುತ್ತದೆ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆಗೆ ಇದ್ಯಾವುದೂ ತಿಳಿಯದು.

ನಿಮ್ಮದು ಸೋದರಿಕೆಯ ಮದುವೆಯಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಸಂಬಂಧದೊಳಗಿನ ಮದುವೆಗಳಲ್ಲಿ ಹೆಚ್ಚಾಗಿ ಕಾಣುವ ಗ್ಲಾನ್ಸ್‌ಮನ್ ದೋಷದಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದೂ ಅವು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಫ್ಯಾಕ್ಟರ್ 13ರ ಕೊರತೆಯಲ್ಲಿ ಪಿಟಿ, ಎಪಿಟಿಟಿ ಎರಡೂ ಸರಿಯಿರುತ್ತವೆ, ಆದರೆ ಮಗುವಿನ ಹೊಕ್ಕುಳಲ್ಲಿ ರಕ್ತ ಜಿನುಗಿದ್ದು ಅಜ್ಜಿಗೆ ನೆನಪಿರುತ್ತದೆ.

ದೋಷ ಪತ್ತೆಯಾದರೂ ಶಸ್ತ್ರಚಿಕಿತ್ಸೆ ರದ್ದಾಗಬೇಕಿಲ್ಲ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡೆಸ್ಮೋಪ್ರೆಸಿನ್ ಔಷಧಗಳು, ಅಗತ್ಯಬಿದ್ದರೆ ಫ್ಯಾಕ್ಟರ್ ಚುಚ್ಚುಮದ್ದು ಸಿದ್ಧವಿಟ್ಟುಕೊಂಡು ಮಾಡುತ್ತಾರೆ. ಟಾನ್ಸಿಲ್ ತೆಗೆದ ಜಾಗದ ಪೊರೆ ಕಳಚುವ ಐದರಿಂದ ಹತ್ತನೆಯ ದಿನದ ನಡುವೆ, ಅಂದರೆ ಅವಳು ಮನೆಯಲ್ಲಿರುವಾಗ, ಮತ್ತೆ ರಕ್ತ ಬರಬಹುದೆಂಬ ಕಾರಣಕ್ಕೇ ಇದು ಮುಂಚಿತವಾಗಿ ತಿಳಿದಿರಬೇಕು. ತಜ್ಞರು ಹೇಳುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ನಿಮ್ಮ ರಕ್ತವನ್ನೂ ಅದೇ ದಿನ ಪರೀಕ್ಷೆಗೆ ಕೊಡಿ.

ಪ್ರಶ್ನೆ: ಅಕ್ಕನ ಮಗನಿಗೆ ತೀವ್ರ ಹಿಮೋಫಿಲಿಯಾ ಇದೆ. ನನಗೆ ಮದುವೆ ಗೊತ್ತಾಗಿದೆ. ನನ್ನ ಎಪಿಟಿಟಿ ಸರಿಯಿದೆ. ನಿಶ್ಚಿಂತೆಯಿಂದ ಇರಬಹುದೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಎಪಿಟಿಟಿ ನೋಡಿ ಹಾಗೆ ಹೇಳಲಾಗದು, ದೋಷವನ್ನು ಹೊತ್ತ ಹೆಣ್ಣುಮಕ್ಕಳಲ್ಲಿ ಫ್ಯಾಕ್ಟರ್ ಮಟ್ಟವೂ ಸರಿಯಾಗಿಯೇ ಇರಬಹುದು. ಸುಮಾರು ಮೂರರಲ್ಲಿ ಒಂದು ಪಾಲು ಪ್ರಕರಣಗಳಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಕಾಯಿಲೆ ಇದ್ದಿರುವುದಿಲ್ಲ, ದೋಷ ಹೊಸದಾಗಿ ಮೂಡಿದ್ದಿರಬಹುದು, ಆದ್ದರಿಂದ ನೀವು ವಾಹಕಿ ಅಲ್ಲದಿರುವ ಸಾಧ್ಯತೆಯೂ ಇದೆ. ಮೊದಲು ಹುಡುಗನ ಜೀನ್ ಪರೀಕ್ಷೆಯಾಗಿ ದೋಷ ಎಲ್ಲಿದೆಯೆಂದು ಗೊತ್ತಾಗಬೇಕು. ಆಮೇಲೆ ಅದೊಂದನ್ನೇ ನಿಮ್ಮಲ್ಲಿ ಹುಡುಕುವುದು ಸುಲಭ. ಬಸಿರಾಗುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಅಕ್ಕನ ಬಳಿಯಿರುವ ವರದಿಯಲ್ಲಿ ಕೊರತೆ ಫ್ಯಾಕ್ಟರ್ 8ರದೋ 9ರದೋ ನೋಡಿ, ಅದರ ಪ್ರತಿಯನ್ನು ಮೊದಲ ಭೇಟಿಗೇ ಕೊಂಡೊಯ್ಯಿರಿ. ನಿಮ್ಮಲ್ಲೂ ಅದರ ಮಟ್ಟ ಅಳೆಸಿರಿ, ಏಕೆಂದರೆ ಅದು ಕಡಿಮೆಯಿರುವ ವಾಹಕಿಯರಿಗೆ ಹಲ್ಲು ಕೀಳಿಸುವಾಗಲೂ ರಕ್ತ ನಿಲ್ಲದೆ ತೊಂದರೆಯಾಗುವುದುಂಟು.