ಕರಕಲಾದ ಮರ ಸತ್ತೇ ಹೋಗಿದೆಯಾ?

ಪ್ರಶ್ನೆ: ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್‌ನಲ್ಲಿ ನಮಗೆ ಎಂಟು ಎಕರೆ ಜಾಗವಿದೆ. ಜನವರಿಯಲ್ಲಿ ಕಾಡ್ಗಿಚ್ಚು ಬಂದು ಹೋಗಿ ಎರಡು ತಿಂಗಳಾಯಿತು. ಮನೆ ಉಳಿಯಿತು. ಆದರೆ ಸುತ್ತಲಿನ ಯೂಕಲಿಪ್ಟಸ್ ಮರಗಳು ಬುಡದಿಂದ ತುದಿವರೆಗೆ ಕರ್ರಗಾಗಿವೆ. ಬೇಲಿ ಪಕ್ಕದ ಪೈನ್ ಸಾಲೂ ಸುಟ್ಟಿದೆ. ಮೆಷಿನ್ ಇಟ್ಟುಕೊಂಡವರೊಬ್ಬರು ಬಂದು, ‘ಎಲ್ಲಾ ಸತ್ತಿವೆ, ಒಂದೇ ವಾರದಲ್ಲಿ ಚೊಕ್ಕ ಮಾಡಿಕೊಡ್ತೀನಿ’ ಅಂದರು. ಒಪ್ಪಿಕೊಳ್ಳಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಯೂಕಲಿಪ್ಟಸ್ ಅಂದರೆ ನಮ್ಮ ನೀಲಗಿರಿಯ ಬಳಗವೇ. ಬುಡಕ್ಕೆ ಕಡಿದ ನೀಲಗಿರಿ ಮತ್ತೆ ಚಿಗುರುವುದನ್ನು ಊರಿನಲ್ಲಿ ನೋಡಿರುತ್ತೀರಿ, ಅಲ್ವಾ? ಬೆಂಕಿ ಬಿದ್ದಾಗಲೂ ಇವುಗಳಲ್ಲಿ ಬಹಳಷ್ಟು ಜಾತಿಗಳು ಅದೇ ಹಟ ತೋರಿಸುತ್ತವೆ. ದಪ್ಪ ತೊಗಟೆಯ ಕೆಳಗೆ ಮೊಗ್ಗುಗಳು ಸುಮ್ನೆ ಮಲಗಿರುತ್ತವೆ. ಮೇಲಿನ ಎಲೆಯೆಲ್ಲ ಹೋದಾಗ ಅವು ಎಚ್ಚರವಾಗುತ್ತವೆ. ಆಗ ಕಪ್ಪು ಕಾಂಡದ ಉದ್ದಕ್ಕೂ ಎಳೆ ಚಿಗುರು ಗೊಂಚಲು ಗೊಂಚಲಾಗಿ ಒಡೆಯುತ್ತದೆ. ದೂರದಿಂದ ನೋಡಿದರೆ ಮರಕ್ಕೆ ರೋಮ ಬಂದ ಹಾಗೆ ಕಾಣುತ್ತದೆ. ಕೆಲವಕ್ಕೆ ಇದಕ್ಕೆ ವಾರಗಳು ಸಾಕು, ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ. ಹಾಗಾಗಿ ಬರುವ ನವೆಂಬರ್‌ವರೆಗಾದರೂ ತಾಳಿ.

ಅಷ್ಟು ತಾಳ್ಮೆ ಇಲ್ಲದಿದ್ದರೆ ಒಂದು ಚಾಕು ತೆಗೆದುಕೊಳ್ಳಿ. ಎದೆಮಟ್ಟದಲ್ಲಿ ಸುಟ್ಟ ತೊಗಟೆಯನ್ನು ಹೆಬ್ಬೆರಳಿನ ಉಗುರಿನಷ್ಟು ಅಗಲ ಕೆತ್ತಿ, ಕಟ್ಟಿಗೆ ಸಿಗುವ ತನಕ. ಒಳಪದರ ಬೆಳ್ಳಗೋ ತಿಳಿ ಹಸಿರೋ ಇದ್ದು ಬೆರಳಿಗೆ ಪಸೆ ಅಂಟಿದರೆ ಮರ ಬದುಕಿದೆ. ಒಣಗಿ ಕಂದಾಗಿದ್ದರೆ ಆ ಜಾಗ ಸತ್ತಿದೆ. ಒಂದೇ ಕಡೆ ನೋಡಿ ತೀರ್ಮಾನಿಸಬೇಡಿ. ಬೆಂಕಿ ಒಂದು ಮಗ್ಗುಲಿಗೇ ಜಾಸ್ತಿ ತಾಗಿರುತ್ತದೆ, ಆದ್ದರಿಂದ ಸುತ್ತ ನಾಲ್ಕೈದು ಕಡೆ ಕೆತ್ತಿ.

ಇದಕ್ಕೊಂದು ಅಪವಾದವಿದೆ. ತಂಪು ಬೆಟ್ಟಗಳ ಮೌಂಟನ್ ಆಶ್ ಕೂಡ ಯೂಕಲಿಪ್ಟಸ್ಸೇ. ಆದರೆ ತೀವ್ರವಾದ ಬೆಂಕಿಯಲ್ಲಿ ನೆತ್ತಿ ಸುಟ್ಟರೆ ಅದು ಸಾಮಾನ್ಯವಾಗಿ ಸಾಯುತ್ತದೆ. ಬೂದಿಯ ಮೇಲೆ ಬೀಜ ಉದುರಿಸಿ, ಮುಂದಿನ ಪೀಳಿಗೆಗೆ ಜಾಗ ಬಿಡುತ್ತದೆ.

ಇನ್ನು, ಬದುಕಿದ ಮರವೆಲ್ಲ ಸುರಕ್ಷಿತ ಎಂದುಕೊಳ್ಳಬೇಡಿ. ನನಗೆ ಚಿಂತೆ ಇರುವುದು ಇಲ್ಲೇ. ಚಿಗುರು ತುಂಬಿದ ಮರದ ಬುಡವೇ ಟೊಳ್ಳಾಗಿರಬಹುದು. ಬೆಂಕಿ ಹಳೇ ಗಾಯದ ಮೂಲಕ ಒಳಹೊಕ್ಕು, ಬೇರಿನಲ್ಲಿ ದಿನಗಟ್ಟಲೆ ಕೆಂಡವಾಗಿ ಉರಿದಿರುತ್ತದೆ. ಇಂಥ ಮರ ಗಾಳಿಯೇ ಇಲ್ಲದ ಮಧ್ಯಾಹ್ನವೂ ಉರುಳಬಹುದು. ಬುಡದ ಸುತ್ತ ನೆಲ ಕುಸಿದಿದೆಯಾ, ಮರ ಹೊಸದಾಗಿ ವಾಲಿದೆಯಾ, ಕಾಂಡದಲ್ಲಿ ಉದ್ದಕ್ಕೆ ಸೀಳು ಬಿಟ್ಟಿದೆಯಾ, ದೂರದಿಂದಲೇ ನೋಡಿ. ಆಮೇಲೆ ತಲೆ ಎತ್ತಿ. ಮುರಿದು ಸಿಕ್ಕಿಹಾಕಿಕೊಂಡ ಕೊಂಬೆ ಕೆಳಗೆ ನಿಂತವರನ್ನು ಕೇಳಿ ಬೀಳುವುದಿಲ್ಲ. ಸುಟ್ಟುಹೋದ ಬೊಡ್ಡೆಗಳ ಜಾಗದಲ್ಲಿ ಮೇಲೆ ತೆಳುವಾಗಿ ಮಣ್ಣು, ಕೆಳಗೆ ಬರೀ ಗುಂಡಿ ಇರುತ್ತದೆ. ಬೆಂಕಿಯಾದ ಹೊಸದರಲ್ಲಿ ಆ ಗುಂಡಿಯ ಬೂದಿ ಕಾಲು ಸುಡುವಷ್ಟು ಬಿಸಿಯಿರುತ್ತದೆ. ಈಗ ತಣ್ಣಗಾಗಿದ್ದರೂ ಕಾಲು ಉಳುಕಿಸಲು ಆ ಗುಂಡಿ ಸಾಕು. ಕೈಯಲ್ಲೊಂದು ಕೋಲು ಇರಲಿ.

ಮನೆ, ಶೆಡ್, ಗಾಡಿ ಓಡಾಡುವ ದಾರಿ, ದನ ನಿಲ್ಲುವ ಜಾಗ, ಇವುಗಳ ಮೇಲೆ ಬೀಳುವಷ್ಟು ಹತ್ತಿರದ ಮರಗಳಿಗೆ ಮಾತ್ರ ಈಗ ಅವಸರ ಮಾಡಿ. ಅವನ್ನು ಆರ್ಬರಿಸ್ಟ್‌ಗೆ, ಅಂದರೆ ಮರಗಳ ಬಗ್ಗೆಯೇ ಕಲಿತವರಿಗೆ ತೋರಿಸಿ. ಕರೆಂಟ್ ತಂತಿಗೆ ತಾಗಿದ್ದನ್ನು ಮುಟ್ಟಲೇಬೇಡಿ, ವಿದ್ಯುತ್ ಕಂಪನಿಗೆ ತಿಳಿಸಿ. ನೀವೇ ಚೈನ್‌ಸಾ ಹಿಡಿಯುವ ಆಸೆಯಿದ್ದರೆ ನೆಲಕ್ಕೆ ಬಿದ್ದು ಅಲ್ಲಾಡದೆ ಕೂತ ದಿಮ್ಮಿಗಷ್ಟೇ ಹಿಡಿಯಿರಿ. ಸುಟ್ಟ ತೊಗಟೆ ಚೈನನ್ನು ಬೇಗ ಮೊಂಡು ಮಾಡುತ್ತದೆ, ಅರ ಜೊತೆಗಿರಲಿ.

ಮನೆಯಿಂದ ದೂರದ ಸತ್ತ ಮರವನ್ನು ಬಿಟ್ಟುಬಿಡಿ. ಯೂಕಲಿಪ್ಟಸ್‌ನಲ್ಲಿ ದೊಡ್ಡ ಪೊಟರೆ ಆಗಬೇಕಾದರೆ ನೂರು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಗೂಬೆ, ಗಿಳಿ, ಪೋಸಮ್ ಎಂಬ ಮರವಾಸಿ ಪ್ರಾಣಿಗಳಿಗೆ ಬೇರೆ ಮನೆಯಿಲ್ಲ. ಇಳಿಜಾರಿನಲ್ಲಿ ಬಿದ್ದ ದಿಮ್ಮಿಗಳನ್ನು ಅಡ್ಡಕ್ಕೆ ಇಟ್ಟರೆ ಮಳೆಗೆ ಮಣ್ಣು ಕೊಚ್ಚಿಹೋಗುವುದೂ ಕಡಿಮೆಯಾಗುತ್ತದೆ. ಯಾವುದನ್ನೇ ಕಡಿಸುವ ಮುಂಚೆ ಕೌನ್ಸಿಲ್‌ಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ಒಂದು ಫೋನ್ ಮಾಡಿ. ಸುಟ್ಟಿದೆ ಎಂಬ ಒಂದೇ ಕಾರಣಕ್ಕೆ ಸ್ಥಳೀಯ ಜಾತಿಯ ಮರ ಕಡಿಯಲು ತಾನಾಗಿ ಅನುಮತಿ ಸಿಗುವುದಿಲ್ಲ. ವಿಮೆ ಇದ್ದರೆ ಮೊದಲು ಫೋಟೋ, ಆಮೇಲೆ ಮೆಷಿನ್.

ಬೇಲಿ ಕಂಬಗಳನ್ನೂ ಗಮನಿಸಿ. ಹಸಿರು ಛಾಯೆಯ, ಔಷಧಿ ಕುಡಿಸಿದ ಪೈನ್ ಕಂಬಗಳಾಗಿದ್ದರೆ ಅವುಗಳ ಬೂದಿಯಲ್ಲಿ ಆರ್ಸೆನಿಕ್ ಎಂಬ ವಿಷ ಇರುತ್ತದೆ. ಮಕ್ಕಳು, ದನ, ನಾಯಿ ಅತ್ತ ಸುಳಿಯದಂತೆ ನೋಡಿಕೊಳ್ಳಿ. ದನಗಳು ಬೂದಿ ನೆಕ್ಕುತ್ತವೆ.

ಪೈನ್ ಸಾಲಿನ ಕಥೆ ಬೇರೆ. ಬೇಲಿಗೆ ನೆಡುವ ಪೈನ್ ಸಾಮಾನ್ಯವಾಗಿ ರೇಡಿಯಾಟಾ ಎಂಬ ಜಾತಿಯದು. ಅದರ ನೆತ್ತಿ ಪೂರ್ತಿ ಸುಟ್ಟಿದ್ದರೆ ಮತ್ತೆ ಚಿಗುರುವುದಿಲ್ಲ, ಕಾಯುವುದು ದಂಡ. ಆ ಮೆಷಿನ್‌ನವರಿಗೆ ಕೆಲಸ ಕೊಡಲೇಬೇಕು ಎಂದಿದ್ದರೆ ಆ ಸಾಲನ್ನು ತೋರಿಸಿ. ಉಳಿದ ಮರಗಳಿಗೆ ಬಣ್ಣದ ರಿಬ್ಬನ್ ಕಟ್ಟಿ, ‘ಇದಕ್ಕೆ ಕೈ ಹಾಕಬೇಡಿ’ ಅಂತ ಅವರು ಕೆಲಸ ಶುರು ಮಾಡುವ ಮೊದಲೇ ಹೇಳಿ.